ಬಿಸಿಲ ನಾಡಿನ ಕಾರಿಗೆ ಗಟ್ಟಿ ಆಯಿಲ್ಲೇ ಬೇಕೇ?

ಮುಧೋಳ, ಜಮಖಂಡಿ, ಬೀಳಗಿ ಕಡೆ ಕಾರಿಟ್ಟವರಲ್ಲಿ ಬೇರೂರಿದ ನಂಬಿಕೆಯೊಂದಿದೆ: ನಮ್ಮದು ಬಿಸಿಲ ನಾಡು, ನೀರಿನಂಥ ತೆಳು ಆಯಿಲ್ ಇಲ್ಲಿ ನಡೆಯುವುದಿಲ್ಲ, 20ಡಬ್ಲ್ಯೂ-50 ಹಾಕಿದರೇ ಎಂಜಿನ್ ಬಾಳಿಕೆ ಬರುತ್ತದೆ. ಬೇಸಿಗೆಯಲ್ಲಿ ಈ ಕಡೆಯ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಮಾತು ಸರಿಯೆಂದೇ ತೋರುತ್ತದೆ. ಆದರೆ ಎಂಜಿನ್ನಿನ ಲೆಕ್ಕದಲ್ಲಿ 40 ಡಿಗ್ರಿ ತಣ್ಣಗಿನ ಹೊತ್ತು. ಓಡುವ ಎಂಜಿನ್ನಿನ ಕೂಲಂಟನ್ನು ಥರ್ಮೋಸ್ಟಾಟ್ ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಆಯಿಲ್ 100ರ ಆಸುಪಾಸಿನಲ್ಲಿರುತ್ತದೆ. ಊಟಿಯಲ್ಲಾದರೂ ಅಷ್ಟೇ, ಮುಧೋಳದಲ್ಲಾದರೂ ಹೆಚ್ಚುಕಡಿಮೆ ಅಷ್ಟೇ. 5ಡಬ್ಲ್ಯೂ-30 ಆಯಿಲ್ಲಿನ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 10 ಸೆಂಟಿಸ್ಟೋಕ್ಸ್, 40 ಡಿಗ್ರಿಯಲ್ಲಿ 60ರ ಸಮೀಪ. 20ಡಬ್ಲ್ಯೂ-50 ಅದೇ 40 ಡಿಗ್ರಿಯಲ್ಲಿ 150 ದಾಟುತ್ತದೆ. ಅಂದರೆ ಸುಡುಬಿಸಿಲಿನ ಮಧ್ಯಾಹ್ನ ಕೀಲಿ ತಿರುಗಿಸಿದಾಗಲೂ ಒಳಗಿರುವ ಆಯಿಲ್ ಬೇಕಾದದ್ದಕ್ಕಿಂತ ಹಲವು ಪಟ್ಟು ಗಟ್ಟಿಯಾಗಿಯೇ ಇರುತ್ತದೆ. ಎಂಜಿನ್ ಹೆಚ್ಚು ಸವೆಯುವುದೂ ಆಯಿಲ್ ಇನ್ನೂ ಮೇಲೇರದ ಆ ಮೊದಲ ಗಳಿಗೆಗಳಲ್ಲೇ.

ಡಬ್ಬಿಯ ಮೇಲಿನ ಅಂಕಿಗಳು ಡಿಗ್ರಿಗಳಲ್ಲ, ದರ್ಜೆಗಳು. 'ಡಬ್ಲ್ಯೂ' ಚಳಿಗಾಲದ ಗುರುತು: 5ಡಬ್ಲ್ಯೂ ಆಯಿಲ್ಲನ್ನು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂವನ್ನು ಮೈನಸ್ 15ರಲ್ಲಿ ಪರೀಕ್ಷಿಸುತ್ತಾರೆ. ಅಂಥ ಚಳಿ ನಮ್ಮಲ್ಲೆಲ್ಲಿದೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. 0ಡಬ್ಲ್ಯೂ, 5ಡಬ್ಲ್ಯೂಗಳ ಅಂತರ ಇಲ್ಲಿ ದೊಡ್ಡದಲ್ಲ. ನಿರ್ಣಾಯಕವಾದುದು ಎರಡನೆಯ ಅಂಕಿ, ಬಿಸಿಯಲ್ಲಿನ ಸ್ನಿಗ್ಧತೆ. ತೆಳು ಆಯಿಲ್ ಬಿಸಿಗೆ ತಾಳದೆ ಲೋಹಕ್ಕೆ ಲೋಹ ಉಜ್ಜುತ್ತದೆ ಎಂಬ ಭಯಕ್ಕೂ ಉತ್ತರವಿದೆ. 150 ಡಿಗ್ರಿಯಲ್ಲಿ, ಬೇರಿಂಗಿನೊಳಗಿನಂಥ ರಭಸದ ಉಜ್ಜಾಟದಲ್ಲಿ 30ರ ದರ್ಜೆ ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್, 20ರ ದರ್ಜೆ 2.6 ಉಳಿಸಿಕೊಳ್ಳಲೇಬೇಕು. ಬೇರಿಂಗಿನ ಸಂದು, ಪಂಪು, ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವ ವಾಲ್ವ್ ಟೈಮಿಂಗ್ ವ್ಯವಸ್ಥೆ ಎಲ್ಲವೂ ಗೊತ್ತುಮಾಡಿದ ದರ್ಜೆಗೆ ಹೊಂದುವಂತೆ ರೂಪುಗೊಂಡಿರುತ್ತವೆ. ಅದಕ್ಕಿಂತ ಗಟ್ಟಿಯಾದದ್ದು ಹೋದರೆ ಪಂಪಿನಲ್ಲಿ ಒತ್ತಡ ಏರುತ್ತದೆ, ರಿಲೀಫ್ ವಾಲ್ವ್ ತೆರೆದು ಒಂದಷ್ಟು ಆಯಿಲ್ ಬೇರಿಂಗಿಗೆ ಹೋಗದೆ ಹಿಂದಿರುಗುತ್ತದೆ. ಒತ್ತಡ ಹೆಚ್ಚಿದ್ದರೆ ಹರಿವೂ ಹೆಚ್ಚು ಎಂಬ ಎಣಿಕೆ ತಪ್ಪುವುದು ಇಲ್ಲೇ.

ಹಾಗಾದರೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿಗೆ 15ಡಬ್ಲ್ಯೂ-40, 20ಡಬ್ಲ್ಯೂ-40 ಯಾಕೆ? ಅದು ನಿಧಾನವಾಗಿ ತಿರುಗುವ, ಭಾರ ಹೊರುವ ಡೀಸೆಲ್ ಎಂಜಿನ್. ಅದರ ತಯಾರಕರೇ ಹೇಳಿದ ದರ್ಜೆ ಅದು. ಬಹುಶಃ ಕಾರಿನ ಬಗೆಗಿನ ತಪ್ಪು ಕಲ್ಪನೆ ಹುಟ್ಟಿದ್ದೂ ಹೊಲದ ಈ ಅನುಭವದಿಂದಲೇ. ಅಲ್ಲಿ ಸರಿಯಾದದ್ದು ಸಣ್ಣ ಪೆಟ್ರೋಲ್ ಕಾರಿಗೂ ಸರಿಯೆನ್ನಲಾಗದು. ತೆಳು ಆಯಿಲ್ ಬರೀ ಮೈಲೇಜಿಗಾಗಿ ಬಂದದ್ದು ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಇಂಧನ ಉಳಿತಾಯ ದೊಡ್ಡ ಕಾರಣವೇ. ಅದಕ್ಕಾಗಿಯೇ ಕೆಲವು ಕೈಪಿಡಿಗಳು ಒಂದೇ ಎಂಜಿನ್ನಿಗೆ ಎರಡು-ಮೂರು ದರ್ಜೆ ಕೊಟ್ಟು, ಹೆಚ್ಚು ಭಾರ, ಹೆಚ್ಚು ಸೆಖೆಗೆ ಗಟ್ಟಿಯದನ್ನು ಒಪ್ಪುತ್ತವೆ. ಆ ಪಟ್ಟಿಯೊಳಗೆ ಮೇಲಿನ ದರ್ಜೆ ಆರಿಸುವುದರಲ್ಲಿ ತಪ್ಪೇನಿಲ್ಲ; ತಪ್ಪಾಗುವುದು ಪಟ್ಟಿ ದಾಟಿದಾಗ. ಲಕ್ಷ ಕಿಲೋಮೀಟರ್ ಓಡಿ ಆಯಿಲ್ ಕುಡಿಯುವ ಹಳೆಯ ಎಂಜಿನ್ನಿಗೆ ಗಟ್ಟಿ ಆಯಿಲ್ ಹಾಕಿದರೆ ಹೊಗೆ ತುಸು ತಗ್ಗಬಹುದು, ಆದರೆ ಸವೆದ ರಿಂಗು, ವಾಲ್ವ್ ಸೀಲು ಹಾಗೇ ಇರುತ್ತವೆ.

ಗಟ್ಟಿತನವೊಂದನ್ನೇ ನೋಡಿದರೂ ಸಾಲದು. ಬಿಎಸ್-6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ತಡೆಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ದರ್ಜೆ ಸರಿಯಿದ್ದೂ ಬೇರೆ ಬಗೆಯದನ್ನು ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮುಂದಿನ ಸರ್ವೀಸಿಗೆ ಹೋಗುವ ಮುನ್ನ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿರುವ ಕೈಪಿಡಿಯ ಆಯಿಲ್ ಪುಟ ತೆರೆಯಿರಿ, ದರ್ಜೆ, ಗುಣಮಟ್ಟ ಎರಡನ್ನೂ ಬರೆದುಕೊಂಡು ಹೋಗಿ ಮೆಕ್ಯಾನಿಕ್ ಕೈಗೆ ಕೊಡಿ, ಆಯಿಲ್ ಡಬ್ಬಿ ಒಡೆಯುವ ಮೊದಲು ಆ ಚೀಟಿಗೆ ಹೋಲಿಸಿ ನೋಡಿ.