ಸೂಜಿ, ನರ ಮತ್ತು ಸರ್ಕಾರದ ಮಾನ್ಯತೆ

1971ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿ ಅರಿವಳಿಕೆ ಚುಚ್ಚುಮದ್ದಿನಿಂದಲೇ. ಅಕ್ಯುಪಂಕ್ಚರ್ ಸೂಜಿಗಳು ಬಂದದ್ದು ಅನಂತರ ಹೊಟ್ಟೆಯುಬ್ಬರ ಕಾಡಿದಾಗ. ಆದರೂ ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ದರೆಂಬ ಕಥೆ ಹಬ್ಬಿತು. ಪಶ್ಚಿಮದ ಕುತೂಹಲ ಕೆರಳಿದ್ದು ಅಲ್ಲಿಂದ.

ಚೀನೀ ಪರಂಪರೆಯ ಪ್ರಕಾರ ‘ಚೀ’ ಎಂಬ ಪ್ರಾಣಶಕ್ತಿ ನಿಶ್ಚಿತ ನಾಡಿಮಾರ್ಗಗಳಲ್ಲಿ ಹರಿಯುತ್ತದೆ. ಅಂಗರಚನಾ ಶಾಸ್ತ್ರಕ್ಕೆ ಆ ಮಾರ್ಗಗಳು ಸಿಕ್ಕಿಲ್ಲ, ಸಿಕ್ಕಿರುವುದು ನರಗಳು. ಸ್ನಾಯುವಿನೊಳಗೆ ತಿರುಗುವ ಸೂಜಿ ನರತುದಿಗಳನ್ನು ಕೆಣಕುತ್ತದೆ. ಆ ಸಂದೇಶ ಬೆನ್ನುಹುರಿಯ ಮೂಲಕ ಮಿದುಳಿಗೆ ಏರುತ್ತದೆ. ಅಲ್ಲಿಂದ ಇಳಿಯುವ ನರತಂತುಗಳು ಬೆನ್ನುಹುರಿಯಲ್ಲೇ ನೋವಿನ ಸಂದೇಶವನ್ನು ತಗ್ಗಿಸುತ್ತವೆ. ಈ ಕೆಲಸದಲ್ಲಿ ದೇಹವೇ ತಯಾರಿಸಿಕೊಳ್ಳುವ, ಅಫೀಮಿನ ಗುಣವುಳ್ಳ ಎಂಡಾರ್ಫಿನ್‌ಗಳ ಪಾಲಿದೆ. 1976ರಲ್ಲಿ ಟೊರಾಂಟೊದ ಬ್ರೂಸ್ ಪೊಮರಾಂಜ್ ಮತ್ತು ಸಹೋದ್ಯೋಗಿ, ಅಫೀಮಿನ ಪರಿಣಾಮವನ್ನು ತಡೆಯುವ ನ್ಯಾಲೊಕ್ಸೋನ್ ಕೊಟ್ಟಾಗ ಇಲಿಗಳಲ್ಲಿ ಸೂಜಿಯ ನೋವುಶಮನ ಇಲ್ಲವಾಗುವುದನ್ನು ತೋರಿಸಿದರು. 2021ರಲ್ಲಿ ಹಾರ್ವರ್ಡ್‌ನ ಮಾ ಚಿಯೂಫು ತಂಡ ಇನ್ನೂ ಮುಂದೆ ಹೋಯಿತು. ಇಲಿಯ ಹಿಂಗಾಲಿನ ಒಂದು ಬಿಂದುವಿಗೆ ಸೂಜಿಯ ಮೂಲಕ ಹರಿಸಿದ ಅಲ್ಪ ವಿದ್ಯುತ್ತು ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸಿ ಉರಿಯೂತ ತಗ್ಗಿಸಿತು. ಹೊಟ್ಟೆಯ ಮೇಲಿನ ಬಿಂದುವಿನಲ್ಲಿ ಅದೇ ವಿದ್ಯುತ್ತಿನಿಂದ ಆ ಫಲ ದೊರೆಯಲಿಲ್ಲ.

ಇಷ್ಟರಿಂದ ಪರಂಪರೆಯ ಪಟಗಳೆಲ್ಲ ಸಿದ್ಧಪಟ್ಟವೆಂದು ಬೀಗುವವರು ಜರ್ಮನಿಯತ್ತ ನೋಡಬೇಕು. ಅಲ್ಲಿ ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಶಾಸ್ತ್ರೋಕ್ತ ಸೂಜಿಯಿಂದ ಶೇ 47.6ರಷ್ಟು ಮಂದಿಗೆ ಗುಣ ಕಂಡಿತ್ತು. ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಈ ಪ್ರಮಾಣ ಶೇ 44.2. ಔಷಧ, ವ್ಯಾಯಾಮಗಳ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 27.4 ಮಾತ್ರ! ಅಂದರೆ ಸೊಂಟನೋವಿಗೆ ಬಿಂದುವಿನ ನಿಖರತೆ ಅಷ್ಟೇನೂ ಮುಖ್ಯವಲ್ಲ. ಚರ್ಮದ ನರಗಳ ಸ್ಪಂದನ, ರೋಗಿಯ ನಿರೀಕ್ಷೆ, ಚಿಕಿತ್ಸಕನ ಆರೈಕೆ ಇವೆಲ್ಲ ಸೇರಿಯೇ ಕೆಲಸ ಮಾಡಿರಬೇಕು. ನಿರೀಕ್ಷೆಯೂ ಮಿದುಳಿನ ಅದೇ ನೋವುಶಾಮಕ ವ್ಯವಸ್ಥೆಯನ್ನು ಬಳಸುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಣ ಕೊಡುವವರ ದೃಷ್ಟಿ ಬೇರೆ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯ ನಿರ್ಣಾಯಕ ಸಮಿತಿ ಇಂಥ ಪರೀಕ್ಷೆಗಳನ್ನೇ ಆಧರಿಸಿ 2006ರಲ್ಲಿ, ದೀರ್ಘಕಾಲದ ಸೊಂಟನೋವು ಮತ್ತು ಮಂಡಿಯ ಸಂಧಿವಾತಕ್ಕೆ ವೆಚ್ಚ ಭರಿಸಲು ಒಪ್ಪಿತು, ತಲೆನೋವಿಗೆ ಒಪ್ಪಲಿಲ್ಲ. ಹೇಗೆ ಗುಣವಾಯಿತೆಂಬ ತರ್ಕಕ್ಕಿಂತ, ಇರುವ ಚಿಕಿತ್ಸೆಗಿಂತ ಮೇಲೇ ಎಂಬ ಪ್ರಶ್ನೆ ಅವರಿಗೆ ಸಾಕಾಯಿತು. ನನಗೆ ಇದು ವಿವೇಕದ ನಡೆ ಎನಿಸುತ್ತದೆ. ನಮ್ಮ ಕೇಂದ್ರ ಸರ್ಕಾರವೂ 2019ರಲ್ಲಿ ಅಕ್ಯುಪಂಕ್ಚರ್‌ಗೆ ಮಾನ್ಯತೆ ನೀಡಿತು. ಆದರೆ ಪದ್ಧತಿಗೆ ಮಾನ್ಯತೆ ಕೊಡುವುದು ಬೇರೆ, ಯಾವ ರೋಗಕ್ಕೆ ಎಂದು ಗೆರೆ ಎಳೆಯುವುದು ಬೇರೆ. ಎರಡನೆಯದು ಇಲ್ಲದಿದ್ದರೆ ಸೊಂಟನೋವಿನ ಪುರಾವೆಯನ್ನೇ ಮುಂದಿಟ್ಟು ಮಧುಮೇಹಿಯ ಇನ್ಸುಲಿನ್ ಬಿಡಿಸಲು ಹೊರಡುವವರನ್ನು ತಡೆಯುವುದು ಕಷ್ಟ.