ಹಿಮಕ್ಕೆ ಯಾವ ಬಣ್ಣ?

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಲ್ಲಿ ಮಾಗಿಯ ಒಂದು ಬೆಳಿಗ್ಗೆ ಚಿತ್ರೀಕರಣಕ್ಕೆ ನಿಂತಿದ್ದೆವು. ಎಂದಿನಂತೆ ಬಿಸಿಲಿನಲ್ಲಿ ಬಿಳಿ ಹಾಳೆ ಹಿಡಿದು ಕ್ಯಾಮೆರಾದ ಬಣ್ಣ ಸರಿಪಡಿಸಿಕೊಂಡೆವು. ಬಿಸಿಲು ಬಿದ್ದ ಸುಣ್ಣದ ಗೋಡೆ ಬೆಳ್ಳಗೇ ಕಂಡಿತು. ಅದೇ ಗೋಡೆಯ ನೆರಳಿನ ಭಾಗ ಮಾತ್ರ ಮಾನಿಟರಿನಲ್ಲಿ ನೀಲಿ! ಕಂಬಳಿ ಹೊದ್ದು ನಿಂತಿದ್ದ ಹುಡುಗನೊಬ್ಬ, "ಗೋಡೆಗೆ ನೀಲಿ ಯಾರು ಬಳಿದ್ರು ಸಾರ್?" ಎಂದ. ಆಗ ನನಗೆ ನೆನಪಾದದ್ದು ಹಿಮ ಬಿದ್ದ ಹಳ್ಳಿಗಳನ್ನು ಮತ್ತೆ ಮತ್ತೆ ಬರೆದ ಫ್ರಾನ್ಸಿನ ಕಲಾವಿದ ಮಾರಿಸ್ ದ ವ್ಲಾಮಿಂಕ್.

ವ್ಲಾಮಿಂಕ್ 1876ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದರು. ಸೈಕಲ್ ಪಂದ್ಯ, ಪಿಟೀಲು ಪಾಠ ಇವೇ ಅವರ ಮೊದಲ ಜೀವನೋಪಾಯ. 1900ರಲ್ಲಿ ಹಳಿ ತಪ್ಪಿದ ರೈಲಿನಲ್ಲಿ ಆಂದ್ರೆ ಡೆರೇನ್ ಪರಿಚಯವಾಯಿತು. ಇಬ್ಬರೂ ಸೇರಿ ಶಾತು ಎಂಬಲ್ಲಿ ಚಿತ್ರಶಾಲೆ ಹೂಡಿದರು. ಮರುವರ್ಷ ವ್ಯಾನ್ ಗೋ ಚಿತ್ರಗಳ ಪ್ರದರ್ಶನ ನೋಡಿದ್ದೇ ತಡ, ಟ್ಯೂಬಿನ ಕೆಂಪು, ಹಳದಿಯನ್ನು ಬೆರೆಸದೆ ಬಟ್ಟೆಗೆ ಮೆತ್ತತೊಡಗಿದರು. 1905ರ ಪ್ರದರ್ಶನದಲ್ಲಿ ವಿಮರ್ಶಕರೊಬ್ಬರು ಈ ಗುಂಪನ್ನು 'ಕಾಡುಮೃಗಗಳು' ಎಂದು ಕರೆದರು.

ಅಂಥವರು ಬಿಳಿಯ ಕಡೆ ತಿರುಗಿದ್ದೇಕೆ? ಸೆಜಾನರ ಪ್ರಭಾವದಿಂದ ಬಣ್ಣ ಆಗಲೇ ತಗ್ಗಿತ್ತು. ಮೊದಲ ಮಹಾಯುದ್ಧದ ನಂತರ ಅವರು ನಗರ ಬಿಟ್ಟರು. 1925ರಿಂದ 1958ರಲ್ಲಿ ಸಾಯುವವರೆಗೆ ಹಳ್ಳಿಗಾಡಿನ ತೋಟದ ಮನೆಯಲ್ಲೇ ಇದ್ದರು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಹಿಮದ ಹರಳು ಗಾಜಿನಂತೆ ಪಾರದರ್ಶಕ. ಅಸಂಖ್ಯ ಹರಳುಗಳ ಮೈಗೆ ತಾಗಿದ ಬೆಳಕಿನ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿ ಚದುರಿ ಮರಳುವುದರಿಂದ ರಾಶಿ ಬೆಳ್ಳಗೆ ಕಾಣುತ್ತದೆ. ಸಕ್ಕರೆ ಬಿಳಿಯಾಗಿರುವುದೂ ಹೀಗೆಯೇ. ನೆರಳಿಗೆ ಸೂರ್ಯನ ನೇರ ಬೆಳಕಿಲ್ಲ, ನೀಲಿ ಆಕಾಶದ ಬೆಳಕೇ ಗತಿ. ಗೋಡೆಗೆ ನೀಲಿ ಬಳಿದದ್ದು ಆಕಾಶ!

ವ್ಲಾಮಿಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಆಕಾಶದಲ್ಲಿ ಮೋಡ ಕವಿದಿರುತ್ತದೆ. ಮೇಲೆ ಕಪ್ಪು-ನೀಲಿ ಗಾಢವಾದಷ್ಟೂ ಕೆಳಗಿನ ಬೀದಿಯ ಬಿಳಿ ಝಗ್ಗೆನ್ನುತ್ತದೆ. ಆ ಬಿಳಿಯೂ ಒಂದೇ ಅಲ್ಲ, ಬೂದಿ, ಕಂದು, ನೀಲಿ ಸೇರಿದ ದಪ್ಪನೆಯ ಬಣ್ಣ. ಎರಡು ಸಾಲು ಮನೆ, ಬೋಳು ಮರ, ಕೆಲವೊಮ್ಮೆ ಒಂಟಿ ಮನುಷ್ಯ: ನೋಡಿದರೇ ಚಳಿಯಾಗುತ್ತದೆ. ಇದನ್ನೇ ಮತ್ತೆ ಮತ್ತೆ ಬರೆದರೆಂಬ ಆಕ್ಷೇಪ ಸುಳ್ಳಲ್ಲ. 1941ರಲ್ಲಿ ನಾಜಿಗಳ ಆಹ್ವಾನದ ಮೇಲೆ ಜರ್ಮನಿಗೆ ಹೋಗಿಬಂದದ್ದು ಅವರ ಹೆಸರಿಗೆ ಅಂಟಿದ ಕಲೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ನಮ್ಮಲ್ಲಿ ಹಿಮವಿಲ್ಲ, ನಿಜ. ನಾಳೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಸುಣ್ಣದ ಗೋಡೆಯ ಎದುರು ನಿಲ್ಲಿ. ನೆರಳಿನ ಬಣ್ಣವನ್ನು ಕಪ್ಪು ಬಳಸದೆ ಬರೆಯಲು ಸಾಧ್ಯವೇ, ನೋಡಿ.