ಐರನ್ ಮಾತ್ರೆಗೆ ಬಗ್ಗದ ರಕ್ತಹೀನತೆ

'ಡಾಕ್ಟ್ರೇ, ಮೂರು ತಿಂಗಳಿಂದ ತಪ್ಪದೆ ಐರನ್ ಮಾತ್ರೆ ನುಂಗ್ತಿದ್ದೀನಿ. ರಕ್ತ ಏರ್ತಾನೇ ಇಲ್ಲ' ಎನ್ನುವ ಗರ್ಭಿಣಿಯರು ಆಗಾಗ ಬರುತ್ತಾರೆ. ಇಂಥವರಲ್ಲಿ ನೆನಪಿಡಬೇಕಾದ ಒಂದು ಕಾರಣ ಥಲಸೇಮಿಯಾ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗುವುದು ಮೂಳೆಯ ಮಜ್ಜೆಯಲ್ಲಿರುವ ಎಳೆಯ ರಕ್ತಕಣಗಳಲ್ಲಿ. ಅದನ್ನು ತಯಾರಿಸುವ ಕ್ರಮ ಕೋಶಕೇಂದ್ರದ ವಂಶವಾಹಿಯಲ್ಲಿರುತ್ತದೆ. ಅದರ ನಕಲೇ ಸಂದೇಶವಾಹಕ ಆರ್‌ಎನ್‌ಎ. ಮೊದಲ ನಕಲಿನಲ್ಲಿ ಬೇಡದ ತುಂಡುಗಳೂ ಸೇರಿರುತ್ತವೆ. ದರ್ಜಿಯು ಗುರುತಿನ ಮೇಲೆ ಬಟ್ಟೆ ಕತ್ತರಿಸಿ ಹೊಲಿಯುವಂತೆ, ಜೀವಕೋಶ ಬೇಡದ್ದನ್ನು ಕತ್ತರಿಸಿ ಬೇಕಾದದ್ದನ್ನು ಜೋಡಿಸುತ್ತದೆ. ಸಿದ್ಧವಾದ ಆರ್‌ಎನ್‌ಎಗೆ ಕೆಲವು ಪ್ರೋಟೀನುಗಳು ರಹದಾರಿಯಂತೆ ಅಂಟಿಕೊಳ್ಳುತ್ತವೆ. ಆಗ ಅದು ಕೇಂದ್ರದ ಪೊರೆಯ ರಂಧ್ರದಿಂದ ಹೊರಬರುತ್ತದೆ. ಈ ಕತ್ತರಿ ಕೆಲಸವನ್ನು 1977ರಲ್ಲಿ ಕಂಡುಹಿಡಿದ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಬೀಟಾ ಥಲಸೇಮಿಯಾ ದೋಷ ಇರುವುದು ಈ ಗುರುತಿನಲ್ಲೇ. ಒಂದೇ ಒಂದು ಅಕ್ಷರ ಬದಲಾಗಿ ಗುರುತು ಮಸುಕಾಗುತ್ತದೆ. ಕತ್ತರಿ ತಪ್ಪು ಜಾಗದಲ್ಲಿ ಆಡುತ್ತದೆ. ಕೆಲಸಕ್ಕೆ ಬರುವ ಸಂದೇಶ ಬಹಳ ಕಡಿಮೆಯಾಗಿ ಹಿಮೋಗ್ಲೋಬಿನ್ ಕುಂದುತ್ತದೆ. ಇದಕ್ಕೆ ಕಬ್ಬಿಣಾಂಶ ಮದ್ದಲ್ಲ.

ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ದೋಷ ಬಂದವರು ವಾಹಕರು. ಇವರಿಗೆ ಅಲ್ಪ ರಕ್ತಹೀನತೆ ಇರಬಹುದು, ಅಷ್ಟೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ ಶೇ. 25. ಹುಟ್ಟಿದಾಗ ಚೆನ್ನಾಗಿಯೇ ಇರುವ ಮಗು ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಪದೇಪದೇ ರಕ್ತ ಪಡೆದು ದೇಹದಲ್ಲಿ ಶೇಖರವಾಗುವ ಕಬ್ಬಿಣಾಂಶವನ್ನು ತೆಗೆಯಲು ಬೇರೆ ಔಷಧಿಯೂ ಬೇಕು. ಸೋದರಸಂಬಂಧದ ಮದುವೆಗಳಲ್ಲಿ ಇಬ್ಬರಲ್ಲೂ ಒಂದೇ ದೋಷವಿರುವ ಸಾಧ್ಯತೆ ಹೆಚ್ಚು.

ವಾಹಕರನ್ನು ಪತ್ತೆಹಚ್ಚಲು ಹಿಮೋಗ್ಲೋಬಿನ್ ಎ-2 ರಕ್ತಪರೀಕ್ಷೆ ಇದೆ. ಅದು ಶೇ. 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರೆಂದು ತಿಳಿಯುತ್ತೇವೆ. ಮದುವೆಗೆ ಮುಂಚೆ ಮಾಡಿಸುವುದು ಉತ್ತಮ. ಗರ್ಭಿಣಿ ವಾಹಕಳಾಗಿದ್ದರೆ ತಡಮಾಡದೆ ಗಂಡನ ರಕ್ತವನ್ನೂ ಪರೀಕ್ಷಿಸಬೇಕು. ಇಬ್ಬರೂ ವಾಹಕರಾದರೆ ಮೂರನೇ ತಿಂಗಳಲ್ಲೇ ಮಾಸಿನ ಚೂರು ತೆಗೆದು ಭ್ರೂಣದ ಸ್ಥಿತಿ ತಿಳಿಯಬಹುದು.

ಹಾಗೆಂದು ಐರನ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾಹಕರಿಗೂ ಕಬ್ಬಿಣಾಂಶದ ಕೊರತೆ ಇರಬಹುದು. ವಾಹಕರೆಂದರೆ ರೋಗಿಗಳಲ್ಲ, ಮದುವೆಗೆ ಅನರ್ಹರೂ ಅಲ್ಲ. ವಿಷಯ ಮೊದಲೇ ತಿಳಿದಿರಬೇಕು, ಅಷ್ಟೆ.